ಪೂಜಿಗಿಟ್ಟ ಬೂಟು

ಸಾವ್ಕಾರ ಪಂಪಣ್ಣನ ಮನಸ್ಸು ಭಾಳ ದೊಡ್ಡದು. ಹಂಗಂತ ಸಾವ್ಕಾರ್ರೇ ದಿನಾ ಹೇಳ್ತಿದ್ರು, ಅಂದಮ್ಯಾಲ ಸುಳ್ಳು ಹೆಂಗಾದೀತು? ತನ್ನ ಅಕ್ಕಿ ಮಿಲ್ಲಿನ ಬಾಯ್ಲರಿಗೆ ಹೊಟ್ಟು ತುಂಬೋ ಮಾದರ ಆಳನ್ನ ಖರ್ಚು ಹಾಕಿ ಓದಾಕ ಕಳಿಸಿದ ಸಾವ್ಕಾರ, ಸಿಂಧನೂರಿಂದ ಲಿಂಗಸುಗೂರತನ ದೀಪ ಹಚ್ಚಿ ಹುಡುಕಿದ್ರೂ ಇನ್ನೊಬ್ಬ ಸಿಗಾಕಿಲ್ಲ. ಓದಾದ್ರೂ ಎಂಥಾದ್ದು? ದುಡಿಯೋ ಜಾಗಾದಾಗ ಆಳಿನ ಜೀವ ಹೆಂಗ ಕಾಯಬೇಕು, ಕಾರ್ಖಾನಿ ಹೊಲಸು ಊರಿಗೆ ತಗಲದಂಗ ಹೆಂಗ ನೋಡ್ಕೋಬೇಕು ಅನ್ನೋ ಓದು. 'ಔದ್ಯೋಗಿಕ ಸುರಕ್ಷತೆ ಮತ್ತು ಪರಿಸರ ನಿರ್ವಹಣೆ' ಅಂತ ಅದಕ್ಕ ಹೆಸರು. ಆ ಹೆಸರು ಪೂರ್ತಿ ಹೇಳಿ ಮುಗಸೂದ್ರೊಳಗ ಆ ಆಳು ಗ್ಯಾನಪ್ಪನ ಹೆಂಡತಿ ಯಮನೂರಮ್ಮ ಬಾಯ್ಲರಿನ ಒಂದು ಪುಟ್ಟಿ ಬೂದಿ ಹೊರಗ ಚೆಲ್ಲಿ ಬರ್ತಿದ್ಲು.

ಸಾವ್ಕಾರ್ರಿಗೆ ಈ ಬುದ್ಧಿ ಸುಮ್ನ ಹುಟ್ಟಲಿಲ್ಲ. ಕಾಲುವಿ ನೀರು ಬಂದು ಜ್ವಾಳದ ಹೊಲ ಎಲ್ಲಾ ನೆಲ್ಲಿನ ಗದ್ದಿ ಆಗಿದ್ವು. ಸುಗ್ಗಿ ಬಂತಂದ್ರ ಬಳಗಾನೂರು, ವಳಕಮದಿನ್ನಿ ಕಡಿಂದ ನೆಲ್ಲಿನ ಟ್ರ್ಯಾಕ್ಟರ್ ಬಂದು ಮಸ್ಕಿ ರೋಡಿನ ಮ್ಯಾಲ ಮಿಲ್ಲಿನ ಮುಂದ ಸಾಲಾಗಿ ನಿಲ್ತಿದ್ವು. ನೆಲ್ಲು ಕುದಿಸಾಕ ಒಂದು ಬಾಯ್ಲರ್ ಸಾಲಲಿಲ್ಲ, ಇನ್ನೊಂದು ಕೂಡಸ್ಬೇಕು ಅಂತ ಸಾವ್ಕಾರ್ರು ಹೊಂಟ್ರು. ಭೋಪಾಳದಾಗ ವಿಷದ ಗಾಳಿ ಕುಡಿದು ಜನ ಸತ್ತ ಮ್ಯಾಲ ಸರಕಾರಕ್ಕ ಎಚ್ಚರ ಆಗಿತ್ತು. ಆ ಎಚ್ಚರ ನಡಕೊಂತ ಸಿಂಧನೂರು ಮುಟ್ಟೂದ್ರೊಳಗ ತೊಂಬತ್ತೆರಡ್ನೇ ಇಸವಿ ಬಂತು. ಇನ್‌ಸ್ಪೆಕ್ಟರ್ ಸಾಹೇಬ್ರು ಬಂದು, "ಸುರಕ್ಷತಾ ಕಲಿತವ ಒಬ್ಬ ಮಿಲ್ಲಿನ್ಯಾಗ ಇರಬೇಕ್ರಿ. ಇದ್ರ ಪರವಾನಗಿ, ಇಲ್ಲಾಂದ್ರ ಇಲ್ಲ" ಅಂದು ಚಾ ಕುಡಿದು ಹೋದ್ರು.

ಹೊರಗಿನವನ್ನ ತಂದ್ರ ದೊಡ್ಡ ಪಗಾರ ಕೇಳ್ತಾನ. ಮಗನ್ನ ಕಳಸೋಣಂದ್ರ ಅವ ಮೋಟರ್ ಸೈಕಲ್ ಬಿಟ್ಟು ಇಳಿಯಂಗಿಲ್ಲ. ಆಗ ಮುನ್ಶಿ ಇಸ್ಮಾಯಿಲ್‌ಸಾಬ್ ಬಾಯಿ ಬಿಟ್ಟ: "ನಮ್ಮ ಗ್ಯಾನಪ್ಪ ಪಿಯುಸಿ ಪಾಸಾಗ್ಯಾನಲ್ರೀ. ಲಿಂಗಸುಗೂರಿನ್ಯಾಗ ಐತಾರ ಐತಾರ ಕ್ಲಾಸ್ ನಡೀತಾವಂತ. ಹೋಗಿ ಬರ್ತಾನ ತಗೋರಿ."

ಸಾವ್ಕಾರ್ರು ಗ್ಯಾನಪ್ಪನ್ನ ಕರಸಿದ್ರು.

"ಲೇ ಗ್ಯಾನ್ಯಾ, ನಿಮ್ಮಪ್ಪ ಸೂಗಪ್ಪ ನಮ್ಮಪ್ಪಗ ಕೆರ ಹೊಲಿತಿದ್ದ. ನಿನ್ನ ನಾ ಸುಪ್ರವೈಜರ್ ಮಾಡ್ತೀನಿ. ಕುರ್ಚಿ ಹಾಕಸ್ತೀನಿ. ಮಾದರವ ಕುರ್ಚಿ ಮ್ಯಾಲ ಕುಂತಿದ್ದು ಯಾವ ಮಿಲ್ಲಿನ್ಯಾಗರ ಕಂಡೀಯೇನ್ಲೇ?"

"ಇಲ್ರೀ ಸಾವ್ಕಾರ್ರ."

"ಹ್ಞಾಂ. ನಮ್ಮಲ್ಲಿ ಜಾತಿ ಗೀತಿ ಏನಿಲ್ಲ."

ಈ ಮಾತು ಕೇಳಿದಾಗ ಗ್ಯಾನಪ್ಪ ಆಫೀಸಿನ ಹೊಸ್ತಿಲ ಹೊರಗ ನಿಂತಿದ್ದ. ಒಳಗ ಬಾ ಅಂತ ಯಾರೂ ಅನ್ನಲಿಲ್ಲ, ಇವನೂ ಹೋಗಲಿಲ್ಲ.

ಖರೇ ಹೇಳಬೇಕಂದ್ರ ಕುರ್ಚಿ ಅವನ ತಲಿಯೊಳಗ ಹೊಕ್ಕು ಕುಂತುಬಿಡ್ತು. ಹೊಟ್ಟು ಎತ್ತಿ ಎತ್ತಿ ಬಾಯ್ಲರ್ ಬಾಯಿಗೆ ಸುರುವಿ ಅವನ ಹುಬ್ಬು ಸೀದು ಹೋಗಿದ್ವು. ಉಗುಳಿದ್ರ ಕರ್ರಗ ಬೀಳ್ತಿತ್ತು. ಆದ್ರ ಕುರ್ಚಿ ಬೇಕಾಗಿದ್ದು ಬರೇ ತನ್ನ ಕುಂಡಿಗಲ್ಲ. ಸುಪ್ರವೈಜರ್ ಆದ ದಿನಾನ ಹೆಂಡತೀನ್ನ ಬೂದಿಗುಂಡಿಯಿಂದ ಮ್ಯಾಲೆ ಎತ್ತಬೇಕು ಅಂತ ಅವ ಮನಸ್ಸಿನ್ಯಾಗ ಗಂಟು ಹಾಕ್ಕೊಂಡಿದ್ದ.

ಆ ಬೂದಿಗುಂಡಿ ಇದ್ದದ್ದು ಬಾಯ್ಲರ್ ಮನಿಯೊಳಗ. ಬಾಯ್ಲರ್ ಬಂದ ದಿನ ಸಾವ್ಕಾರ್ರು ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಸೀರಿ ಉಡಿಸಿ, ಉಡಿ ತುಂಬಿದ್ರು. ಅವತ್ತಿಂದ ಅದು ಬಾಯ್ಲರ್ ಅಲ್ಲ, ಬಾಯ್ಲರ್ ಲಕ್ಷ್ಮಿ. ಬಾಗಲ ಮ್ಯಾಲ ಲಕ್ಷ್ಮಿ ಫೋಟೋ, ಮಾವಿನ ತೋರಣ. ಶುಕ್ರವಾರ ಪೂಜಾರಿ ಬಂದು ಕಾಯಿ ಒಡೀತಿದ್ದ. ಗುಡಿ ಅಂದಮ್ಯಾಲ ಒಳಗ ಕೆರ ಮೆಟ್ಟಿ ಹೋಗಾಕಾಕ್ಕೈತೇನು? ಎಲ್ಲಾರೂ ಹೊರಗ ಬಿಡಬೇಕು. ಸಾವ್ಕಾರ್ರೂ ಬಿಡ್ತಿದ್ರು. ಸಮಾನತಾ ಅಂದ್ರ ಹಿಂಗಿರಬೇಕು ನೋಡ್ರಿ. ಸಾವ್ಕಾರ್ರು ಶುಕ್ರವಾರಕ್ಕೊಮ್ಮಿ ಬರಿಗಾಲಾಗ ತೊಳೆದ ಹೊಸ್ತಿಲತನ ಬಂದು ಕೈ ಮುಗಿದು ಹೋಗ್ತಿದ್ರು, ಹೆಣ್ಣಾಳು ದಿನಾಲೂ ಬರಿಗಾಲಾಗ ಒಳಗಿಳಿದು ಬೂದಿ ಎಳೀತಿದ್ರು.

ಊರೊಳಗಿನ ಗುಡಿಗೆ ಮಾದರು ಕಾಲಿಡಂಗಿಲ್ಲ. ಈ ಗುಡಿಯೊಳಗ ಮಾತ್ರ ಮಾದರೇ ಕಾಲಿಡಬೇಕು. ಬ್ಯಾರೆ ಜಾತಿ ಹಮಾಲರು ಚೀಲ ಹೊರ್ತಿದ್ರು, ಕಣದಾಗ ನೆಲ್ಲು ಹರವತಿದ್ರು, ಬೂದಿಗುಂಡಿ ಕಡೆ ಹಣಿಕೀನೂ ಹಾಕ್ತಿದ್ದಿಲ್ಲ. ಲಕ್ಷ್ಮೀನ್ನ ಮುಟ್ಟೋ ಭಾಗ್ಯ ಪೂರ್ತಿ ಕೇರಿಯವರಿಗೇ ಬಿಟ್ಟುಕೊಟ್ಟಿದ್ರು.

ಹೊಟ್ಟಿನ ಬೂದಿ ಮೋಸದ್ದು. ಮ್ಯಾಲೆ ತಣ್ಣಗ ಮಲಗಿದಂಗ ಕಾಣ್ತೈತಿ, ಒಳಗ ಕೆಂಡ ದಿನಗಟ್ಟಲೆ ಜೀವ ಹಿಡಕೊಂಡಿರ್ತೈತಿ. ಕಾಲಿಟ್ರ ಕಾಲು ಇಳಿದುಬಿಡ್ತೈತಿ. ಎಲ್ಲಾರಿಗಿಂತ ಹಿರಿಯಾಕಿ ಆದಮ್ಮನ ಬಲಗಾಲಿನ ಬೆರಳೆಲ್ಲಾ ಸುಟ್ಟು ಅಂಟಿಕೊಂಡು ಒಂದೇ ಮುದ್ದಿ ಆಗಿತ್ತು. ಮೊದಲೆಲ್ಲಾ ಹೆಜ್ಜಿ ಇಡೂಕಿಂತ ಮುಂಚೆ ಉಗುಳಿ ನೋಡ್ತಿದ್ರು. ಚುರ್ ಅಂತಂದ್ರ ಬೆಂಕಿ ಐತಿ ಅಂತ ಲೆಕ್ಕ. "ಲಕ್ಷ್ಮಿ ಮುಂದ ಉಗುಳ್ತೀರೇನಬೇ" ಅಂತ ಮೇಸ್ತ್ರಿ ಅದನ್ನೂ ಬಿಡಿಸಿದ. ಆಮ್ಯಾಲ ಬಣ್ಣ ನೋಡಾಕ ಕಲ್ತರು. ಪೈಪಿನ ನೀರು ಬಿಟ್ಟು ಆರಿಸಿದ ಬೂದಿ ಕರ್ರಗ ಆಗ್ತೈತಿ. ಬೂದುಬಣ್ಣ ಇದ್ರ ದೂರ ನಿಲ್ಲೋದು, ಕರ್ರಗ ಕಂಡ್ರ ಕಾಲಿಡೋದು.

ಗ್ಯಾನಪ್ಪನ ಓದು ಸುರು ಆತು. ಐತಾರ ಸೂಟಿ ಸುಮ್ನ ಕೊಟ್ಟಿರಲಿಲ್ಲ, ಶನಿವಾರ ಎರಡು ಪಾಳಿ ದುಡೀಬೇಕು. ಹೊಟ್ಟಿನ ಧೂಳು ಕಿವ್ಯಾಗ ಹಂಗ ಇಟ್ಕೊಂಡು ಬೆಳಿಗ್ಗೆ ಬಸ್ ಹತ್ತಿದ್ರ ಮಸ್ಕಿ ದಾಟೋತನ ನಿದ್ದಿ. ಲಿಂಗಸುಗೂರಿನ್ಯಾಗ ಕ್ಲಾಸಿದ್ದದ್ದು ಒಂದು ಗೊಬ್ಬರ-ಎಣ್ಣಿ ಅಂಗಡಿ ಮ್ಯಾಲಿನ ಖೋಲಿಯೊಳಗ. ಹತ್ತಿಗೆ ಹೊಡಿಯೋ ಎಣ್ಣಿ ವಾಸನಿ ಮೂಗು ಸುಡ್ತಿತ್ತು. ಕಿಟಕಿ ಒಂದೂ ಇದ್ದಿಲ್ಲ. ಸುರಕ್ಷತಾ ಕಲಿಯಾಕ ಹತ್ತೋ ಮೆಟ್ಟಲಿಗೆ ಕೈಹಿಡಿಕಿ ಇದ್ದಿಲ್ಲ. ಮೊದಲ್ನೇ ದಿನಾನ ಮಸ್ಕಿ ಕಡೆ ಹತ್ತಿ ಮಿಲ್ಲಿನವ ಒಬ್ಬ ಕೆಳಗ ಬಿದ್ದು ಮೊಣಕೈ ಕೆತ್ತಿಸಿಕೊಂಡ.

"ಹಿಂಗ ಬೀಳಬಾರದು ಅಂತಾನ ನಾ ಕಲಸಾಕ ಬಂದೀನಪ್ಪಾ," ಅಂದ್ರು ದಾವಲ್‌ಸಾಬ್ ಮಾಸ್ತರು. ದೂರದ ಕಾರ್ಖಾನ್ಯಾಗ ಚಾಕರಿ ಮಾಡಿ ಮುಗಿಸಿ ಬಂದವರು. ನಗೂ ಮನಶ್ಯಾ. ಅಂಗಡಿಯವನ ಸಂಗಾಟ ಮೆಟ್ಟಲ ಸಲುವಾಗಿ ವಾರಾ ಜಗಳಾಡ್ತಿದ್ರು, ವಾರಾ ಸೋಲ್ತಿದ್ರು.

ಮಾಸ್ತರು ಹೇಳಿದ್ದು ಸರಳ ಇತ್ತು. ಮೊದಲು ಅಪಾಯಾನ್ನ ತೆಗೀಬೇಕು. ತೆಗಿಯಾಕಾಗಲಿಲ್ಲಂದ್ರ ಮನಶ್ಯಾನ್ನ ದೂರ ನಿಲ್ಲಸ್ಬೇಕು. ಅದೂ ಆಗಲಿಲ್ಲಂದ್ರ ಕಾಲಿಗೆ ಬೂಟು, ಕೈಗೆ ಗವಸು. ಸುಟ್ರ ಅರಿಷಿಣ, ಮಸಿ ಹಚ್ಚಬಾರದು, ತಣ್ಣೀರು ಹಾಕ್ತಾ ಇರಬೇಕು. ಗ್ಯಾನಪ್ಪ ತಲಿ ಅಲ್ಲಾಡಿಸಿ ಕೇಳ್ತಿದ್ದ. ಒಂದಿನ ಮಾಸ್ತರು ಮಾಲಿನ್ಯದ ಪಾಠ ತೆಗೆದ್ರು. ಕಾರ್ಖಾನಿ ಬೂದಿ ಗಾಳಿಗೆ ಬಿಟ್ರ ಅದು ಮಾಲಿನ್ಯ, ನೆಲ್ಲು ನೆನಸಿದ ನಾತದ ನೀರು ಹಳ್ಳಕ್ಕ ಬಿಟ್ರ ಅದು ಮಾಲಿನ್ಯ, ಬಿಟ್ಟವಂದು ತಪ್ಪು. ಗ್ಯಾನಪ್ಪಗ ಗಾಬರಿ ಆತು. ಸಾವ್ಕಾರ್ರ ಬೂದಿ ಹಾರಿ ಬೀಳೋದು ಅವನ ಕೇರಿ ಮ್ಯಾಲ, ನಾತದ ನೀರು ಹರಿಯೋದು ಕೇರಿ ಮುಂದ. ಹುಟ್ಟಿದಾಗಿಂದ ಮೈಲಿಗಿ ಮಾಡೋರು ನಾವು ಅಂತ ಕೇಳಿಕೊಂಡು ಬೆಳೆದಿದ್ದ. ಸರಕಾರದ ಪುಸ್ತಕ ನೋಡಿದ್ರ ಉಲ್ಟಾ ಹೇಳಾಕತ್ತೈತಿ.

ಮನಿಗೆ ಬಂದು ಹೆಂಡತಿಗೆ ಹೇಳಿದ. ಯಮನೂರಮ್ಮ ರೊಟ್ಟಿ ಬಡಿಯಾಕತ್ತಿದ್ಲು. ನಕ್ಕುಬಿಟ್ಲು.

"ಅಲ್ಲಲೇ, ಇದನ್ನ ತಿಳಕೊಳ್ಳಾಕ ಬಸ್ ಹತ್ತಿ ಅಷ್ಟು ದೂರ ಹೋಗಿದ್ದೇನು? ನನ್ನ ಕೇಳಿದ್ರ ರೊಟ್ಟಿ ಮ್ಯಾಲಿನ ಬೂದಿ ಊದಿ ತೋರಿಸ್ತಿದ್ನಲ್ಲ."

"ಪುಸ್ತಕದಾಗ ಐತಿ ಅಂದ್ರ ಕಾನೂನಾತು ಅಂತ ತಿಳ್ಕಾ."

"ಕಾನೂನಿನ್ಯಾಗ ನನ್ನ ಕಾಲಿಂದು ಏನರ ಬರದಾರೇನು?"

"ಬೂಟು ಕೊಡಬೇಕು ಅಂತ ಬರದಾರ."

"ನಮಗಾ? ಬೂಟಾ?" ಆಕಿ ಹೊಟ್ಟಿ ಹಿಡಕೊಂಡು ನಕ್ಕಳು. "ಕೆರ ಕೈಯಾಗ ಹಿಡಕೊಂಡು ಊರ ದಾಟ್ತಿದ್ದ ನಮ್ಮತ್ತಿ ಮ್ಯಾಲಿಂದ ನೋಡಿದ್ರ ಇನ್ನೊಮ್ಮಿ ಸಾಯ್ತಾಳ ನೋಡು."

ಗ್ಯಾನಪ್ಪ ಬಿಡಲಿಲ್ಲ. ಹೋಗಿ ಸಾವ್ಕಾರ್ರನ್ನ ಕೇಳಿದ. ಸಾವ್ಕಾರ್ರು ಬೈತಾರ ಅಂತ ತಿಳಿದಿದ್ದ. ಬೈಲಿಲ್ಲ! ಇನ್‌ಸ್ಪೆಕ್ಟರ್ ಬಂದಾಗ ತೋರಿಸಾಕ ಬೇಕಾಗ್ತಾವ ಅಂತ ಮುನ್ಶಿಯನ್ನ ರಾಯಚೂರಿಗೆ ಕಳಿಸಿ ಮೊಣಕಾಲುದ್ದದ ರಬ್ಬರ್ ಬೂಟು ತರಿಸಿಬಿಟ್ರು. ಬೂದಿ ಎಳಿಯೋ ಹೆಣ್ಣಾಳು ಎಷ್ಟಿದ್ರೋ ಅಷ್ಟು ಜೋಡು. ಕರ್ರಗ, ಮಿರಿಮಿರಿ. ಕೇರಿಯೊಳಗ ಸುದ್ದಿ ಹಬ್ಬಿತು. ಆದಮ್ಮ ತನ್ನ ಮುದ್ದಿ ಕಾಲು ತೊಳಕೊಂಡು ಬಂದು ಕುಂತಳು.

ಬೂಟು ಹಂಚೂದ್ರೊಳಗ ದಸರಾದ ಖಂಡೇಪೂಜಿ ಬಂತು. ಮಿಲ್ಲಿನ ಸಾಮಾನೆಲ್ಲಾ ತೊಳೆದು ಪೂಜಿಗೆ ಇಟ್ರು. ತಕ್ಕಡಿ, ಸಲಿಕಿ, ಮೋಟರು, ಅವುಗಳ ಸಾಲಿನ್ಯಾಗ ಬೂಟು. ಪೂಜಾರಿ ಒಂದೊಂದು ಬೂಟಿಗೂ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿ ಹೂ ಏರಿಸಿದ. ಮರುದಿನ ಗ್ಯಾನಪ್ಪ ಬೂಟು ತಗೊಳ್ಳಾಕ ಹೋದ.

"ಹುಚ್ಚ ಹಿಡದೈತೇನ್ಲೇ ನಿನಗ?" ಅಂದ್ರು ಸಾವ್ಕಾರ್ರು. "ಪೂಜಿ ಮಾಡಿದ್ದಕ್ಕ ಕಾಲು ಹಾಕ್ತೀಯಾ? ಮಿಲ್ಲಿಗೆ ಕೇಡು ಬಗೀತೀಯಾ?"

"ತಕ್ಕಡಿಗೂ ಪೂಜಿ ಮಾಡೀರಿ. ತೂಕ ಮಾಡಾಕತ್ತೀರಲ್ರೀ."

"ತಕ್ಕಡೀನ್ನ ಕಾಲಿಗೆ ಹಾಕ್ಕೊಂತಾರೇನು?"

ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರಲ್ಲ, ಹಂಗಾತು. ಬೂಟು ಆಫೀಸಿನ ಗಾಜಿನ ಅಲಮಾರಿ ಸೇರಿದ್ವು. ದಿನಾ ಊದಿನಕಡ್ಡಿ ಹಚ್ತಿದ್ರು. ಆದಮ್ಮ ಸಂಬಳದ ದಿನ ಆಫೀಸಿನ ಬಾಗಲಿಗೆ ನಿಂತು ಅಲಮಾರಿಗೆ ಕೈ ಮುಗಿದು ಬರ್ತಿದ್ಲು. ಚ್ಯಾಷ್ಟಿಗೆ ಮುಗೀತಿದ್ಲೋ, ಖರೇನ ಮುಗೀತಿದ್ಲೋ, ಸಾವ್ಕಾರ್ರಿಗೆ ತಿಳೀತಿದ್ದಿಲ್ಲ.

ಗ್ಯಾನಪ್ಪ ಬಾಯಿ ಮುಚ್ಕೊಂಡ. ಇನ್ನೇನು ನಾಕು ತಿಂಗಳು, ಪರೀಕ್ಷಿ ಮುಗೀತೈತಿ, ಕುರ್ಚಿ ಬರ್ತೈತಿ, ಆಮ್ಯಾಲ ನೋಡ್ಕೊಂಡ್ರಾತು ಅಂತ ತನಗ ತಾನ ಸಮಾಧಾನ ಹೇಳ್ಕೊಂಡ. ಓದಿದವರಿಗೆ ಈ ಸಮಾಧಾನ ಬಲು ಲಗೂನ ಸಿಗ್ತೈತಿ.

ಪರೀಕ್ಷಿ ಪಾಸಾದ. ಎರಡ್ನೇ ಬಾಯ್ಲರಿನ ಪರವಾನಗಿ ಹತ್ರ ಬಂತು ಅಂತ ಸಾವ್ಕಾರ್ರು ಲಕ್ಷ್ಮಿಗೆ ಹರಕಿ ಹೊತ್ರು. ಆ ಶುಕ್ರವಾರ ಪೂಜಾರಿ ಬರೇ ಕಾಯಿ ಒಡೀಲಿಲ್ಲ. "ತಾಯಿ ಉರಿ ತಣ್ಣಗಾಗ್ಲಿ" ಅಂತ ಕೊಡದ ಮ್ಯಾಲ ಕೊಡ ತೀರ್ಥ ಮಾಡಿಸಿ ಹೊಸ್ತಿಲದಾಗ ನಿಂತು ಬೂದಿಗುಂಡಿ ಮ್ಯಾಲ ಸುರುವಿದ. ಬೂದಿ ಮ್ಯಾಲೆ ಕರ್ರನ ಹಕ್ಕಳಿ ಕಟ್ಟಿತು. ಕೆಳಗ ಕೆಂಡ ಹಂಗ ಇತ್ತು.

ಪೂಜಿ ಮುಗಿಸಿ ಅವರು ಹೋದ ಮ್ಯಾಲ ಯಮನೂರಮ್ಮ ಪುಟ್ಟಿ ಹಿಡಕೊಂಡು ಒಳಗ ಬಂದ್ಲು. ಕರ್ರಗ ಕಂಡಿತು. ಪೈಪು ಬಿಟ್ಟಾರ ಅಂತ ತಿಳಿದ್ಲು. ಬಲಗಾಲು ಇಟ್ಲು.

ಕಾಲು ಮೊಣಕಾಲ ಕೆಳಗಿನತನ ಇಳೀತು. ಮೊದಲಿಗೆ ಆಕಿಗೆ ಕೂಗಾಕೂ ಆಗಲಿಲ್ಲ. ಆಮ್ಯಾಲ ಕೂಗಿದ್ದು ರೋಡಿಗೆ ಕೇಳಿಸ್ತು. ಗ್ಯಾನಪ್ಪ ಸಲಿಕಿ ಒಗೆದು ಓಡಿ ಬಂದು ರಟ್ಟಿ ಹಿಡಿದು ಜಗ್ಗಿದ. ಸುಟ್ಟ ಬದನಿಕಾಯಿ ಸಿಪ್ಪಿ ಬಂದಂಗ ಚರ್ಮ ಕಿತ್ತು ಬಂತು. ಮೇಸ್ತ್ರಿ ಅರಿಷಿಣ ತಗೊಂಡು ಬಂದ. "ಬ್ಯಾಡ, ನೀರು!" ಅಂತ ಚೀರಿದ ಗ್ಯಾನಪ್ಪ. ಪೈಪಿನ್ಯಾಗ ನೀರಿದ್ದಿಲ್ಲ, ಕರೆಂಟ್ ಹೋಗಿತ್ತು. ಹತ್ರ ಇದ್ದದ್ದು ಹಮಾಲರು ಕುಡಿಯೋ ನೀರಿನ ದೊಡ್ಡ ಹರವಿ. ಮಾದರು ಅದನ್ನ ಮುಟ್ಟಂಗಿಲ್ಲ, ಹಮಾಲರು ಮ್ಯಾಲಿಂದ ಸುರುವಿದ್ರ ಬೊಗಸಿ ಹಿಡಿದು ಕುಡೀಬೇಕು. ಗ್ಯಾನಪ್ಪ ಹೆಂಡತೀನ್ನ ಹೊತ್ಕೊಂಡು ಹೋಗಿ ಆ ಹರವಿಯೊಳಗ ಆಕಿ ಕಾಲು ಮುಳುಗಿಸಿ ಹಿಡಿದ.

ಮಿಲ್ಲಿಗೆ ಮಿಲ್ಲೇ ಸೇರಿತು. ಯಮನೂರಮ್ಮ ಹಲ್ಲು ಕಚ್ಚಿ ನಡುಗಾಕತ್ತಿದ್ಲು. ಹಮಾಲರು ಆಕಿ ಮಾರಿ ನೋಡಲಿಲ್ಲ, ಹರವಿ ನೋಡಿದ್ರು.

"ಏ, ಹರವಿ ಕೆಡಿಸಿದ್ನಲ್ರೋ!"

ಸರಕಾರಿ ದವಾಖಾನಿ ಡಾಕ್ಟರು ನೀರು ಹಾಕಿದ್ದು ಚಲೋ ಆತು, ಇಲ್ಲಾಂದ್ರ ಕಾಲು ಹೋಗ್ತಿತ್ತು ಅಂದ್ರು. ಸಾವ್ಕಾರ್ರೂ ಅಂತಃಕರಣ ಇದ್ದವರು, ನೋಡಾಕ ಮುನ್ಶೀನ್ನ ಕಳಿಸಿದ್ರು. ಇಸ್ಮಾಯಿಲ್‌ಸಾಬ್ ಎರಡು ಮೋಸಂಬಿ ಕೊಟ್ಟು, ನೆಲ ನೋಡಿಕೊಂತ ಹೇಳಿದ:

"ಗ್ಯಾನಪ್ಪ, ಬ್ಯಾಸರ ಮಾಡ್ಕೋಬ್ಯಾಡ. ನಾ ಹೇಳಿದ್ದಲ್ಲ, ಅವರು ಹೇಳಿ ಕಳಿಸಿದ್ದು. ಪೂಜಿ ಆದ ಮ್ಯಾಲ ತಾಯಿ ಸುಡಾಕ ಸಾಧ್ಯ ಇಲ್ಲಂತಾನ ಪೂಜಾರಿ. ನಿನ್ನ ಹೆಂಡತಿ ಮುಟ್ಟಾದಾಗ ಒಳಗ ಬಂದಿರಬೇಕು, ಅದಕ್ಕ ಸುಟ್ಟಾಳಂತ. ಹರವೀನೂ ಮೈಲಿಗಿ ಆತು. ಸುರಕ್ಷತಾ ದಿನಕ್ಕ ಇನ್‌ಸ್ಪೆಕ್ಟರ್ ಬರ್ತಾರಲ್ಲ, ಅದಕ್ಕಿಂತ ಮೊದಲು ಆಕಿ ಬಾಯ್ಲರ್ ಮುಂದ ಕಾಯಿ ಒಡೆದು, ಗಲ್ಲ ಬಡಕೊಂಡು, ತಪ್ಪಾತು ಅನ್ನಬೇಕು. ಅಂದ್ರ ಅವತ್ತೇ ನಿನಗ ಕುರ್ಚಿ."

"ಅನ್ನಲಿಲ್ಲಂದ್ರ?"

"ಗಂಡ ಹೆಂಡತಿ ಇಬ್ಬರೂ ಮನಿಗೆ."

ಗ್ಯಾನಪ್ಪ ಆ ವಾರ ಪೂರ್ತಿ ಹೆಂಡತಿ ಮುಂದ ಕುಂತು ಅದನ್ನ ಹೇಳಾಕ ಆಗದ ಎದ್ದು ಹೋಗ್ತಿದ್ದ. ಕಡೀಕ ಹೇಳಿದ.

"ಒಂದು ಕಾಯಿ ಒಡೆದುಬಿಡು. ಅಷ್ಟ. ಕುರ್ಚಿ ಸಿಗಲಿ, ಎಲ್ಲಾ ಸರಿ ಮಾಡ್ತೀನಿ."

ಯಮನೂರಮ್ಮನ ಕಾಲು ಬಟ್ಟಿ ಸುತ್ತಿ ಗಾದಿ ಮ್ಯಾಲ ಇತ್ತು. ಕೀವಿನ ವಾಸನಿ ಮನಿ ತುಂಬಿತ್ತು. ಆಕಿ ಸಿಟ್ಟಿಗೇಳಲಿಲ್ಲ.

"ನಾ ಏನು ತಪ್ಪು ಮಾಡೀನಿ, ನಿನ್ನ ಪುಸ್ತಕದಾಗ ನೋಡಿ ಹೇಳು. ಇದ್ರ ಗಲ್ಲ ಬಡಕೊಂತೀನಿ."

ಗ್ಯಾನಪ್ಪಗ ನಾಚಿಕಿ ಆತು. ನಾಚಿಕಿ ಆದ್ರೂ ಕುರ್ಚಿ ಆಸೆ ಹೋಗಲಿಲ್ಲ, ಅದೂ ಖರೆ.

"ಆತು ಬಿಡು," ಅಂದ್ಲು ಆಕಿ. "ಕಾಯಿ ತಂದಿಡು. ಬರ್ತೀನಿ."

ಮಾರ್ಚಿ ನಾಕಕ್ಕ ಸುರಕ್ಷತಾ ದಿನ. ಮಿಲ್ಲಿಗೆ ಸುಣ್ಣ ಹೊಡೆದಿದ್ರು. ಬಾಗಲಿಗೆ 'ಸುರಕ್ಷತೆಯೇ ಮೊದಲು' ಅಂತ ಬಟ್ಟಿ ಕಟ್ಟಿದ್ರು. ಅಲಮಾರಿ ಹೊರಗ ತಂದು ಅಂಗಳದಾಗ ಇಟ್ಟಿದ್ರು, ಬೂಟಿಗೆಲ್ಲಾ ಹೊಸ ಹೂವು. ಅದರ ಬಾಜೂಕ ಆ ಕುರ್ಚಿ, ಇನ್ನೂ ಪ್ಲಾಸ್ಟಿಕ್ ಹಾಳಿ ಬಿಚ್ಚಿರಲಿಲ್ಲ. ದಾವಲ್‌ಸಾಬ್ ಮಾಸ್ತರನ್ನೂ ಕರಸಿದ್ರು.

ಇನ್‌ಸ್ಪೆಕ್ಟರ್ ಸಾಹೇಬ್ರ ಜೀಪು ಹೇಳಿದ್ದಕ್ಕಿಂತ ಮೊದಲ ಬಂತು. ಸರಕಾರದ ಜೀಪು ಲಗೂ ಬಂದಿದ್ದು ಅದೊಂದ ಸಲ ಇರಬೇಕು. ಹಿಂಗಾಗಿ ಸಾಹೇಬ್ರ ಮುಂದನ ತಪ್ಪೊಪ್ಪೋ ಕಾರ್ಯಕ್ರಮ ನಡೆಯೂ ಹಂಗಾತು. "ಒಂದು ಸಣ್ಣ ಪೂಜಿ ಐತ್ರಿ, ಹೆಣ್ಣಾಳಿನ ಹರಕಿ" ಅಂದ್ರು ಸಾವ್ಕಾರ್ರು. ಸಾಹೇಬ್ರು ತಾವೂ ಭಕ್ತರು, ಬೂಟು ಬಿಚ್ಚಿ ಹೊಸ್ತಿಲ ಹತ್ರ ಬಂದು ನಿಂತ್ರು. ಸಾವ್ಕಾರ್ರೂ ಬರಿಗಾಲು, ಪೂಜಾರೀನೂ ಬರಿಗಾಲು. ಪೂಜಾರಿ ಮತ್ತ ಕೊಡದ ಮ್ಯಾಲ ಕೊಡ ತೀರ್ಥ ಬೂದಿ ಮ್ಯಾಲ ಸುರುವಿದ. ಬೂದಿ ಕರ್ರಗಾತು.

ಯಮನೂರಮ್ಮ ಆದಮ್ಮನ ಹೆಗಲ ಮ್ಯಾಲ ಕೈ ಹಾಕಿ ಕುಂಟಿಕೊಂತ ಬಂದ್ಲು. ಕೈಯಾಗ ಕಾಯಿ. ಹೊಸ್ತಿಲದಾಗ ನಿಂತ್ಲು.

"ಹ್ಞೂಂ, ಗಲ್ಲ ಬಡಕೋ," ಅಂದ ಪೂಜಾರಿ.

"ಬಡಕೊಂತೀನ್ರೀ. ಒಂದು ಮಾತು ಕೇಳ್ತೀನಿ. ನಾ ಮೈಲಿಗಿ ಇದ್ದೆ ಅಂತ ತಾಯಿ ಸುಟ್ಲು, ಹೌದಲ್ರೀ?"

"ಹೌದು."

"ಸಾವ್ಕಾರ್ರು ಜಳಕ ಮಾಡ್ಯಾರ. ಮಡಿ ಉಟ್ಟಾರ. ಕಾಲಾಗ ಕೆರಾನೂ ಇಲ್ಲ." ಆಕಿ ಸಾವ್ಕಾರ್ರ ಕಡೆ ತಿರುಗಿದ್ಲು. "ಯಪ್ಪಾ, ಒಂದು ಹೆಜ್ಜಿ ಬೂದಿಯಾಗ ಇಡ್ರಿ. ತಾಯಿ ನಿಮ್ಮನ್ನ ಸುಡಲಿಲ್ಲಂದ್ರ ನಂದೇ ತಪ್ಪು. ಗಲ್ಲ ಅಲ್ಲ, ತಲಿ ಒಡ್ಕೊಂತೀನಿ."

ಸಾವ್ಕಾರ್ರ ಬಲಗಾಲು ಒಂದು ಗೇಣು ಹಿಂದಕ್ಕ ಸರೀತು. ಎಲ್ಲಾರೂ ನೋಡಿದ್ರು.

"ನೀವರ ಇಡ್ರಿ, ಪೂಜಾರಪ್ಪಾ. ತೀರ್ಥ ನಿಮ್ಮ ಕೈಲಿಂದನ ಬಿದ್ದೈತಿ."

ಪೂಜಾರಿ ಫೋಟೋದಾಗಿನ ಲಕ್ಷ್ಮಿ ನೋಡಾಕ ಹತ್ತಿದ. ಇನ್‌ಸ್ಪೆಕ್ಟರ್ ಸಾಹೇಬ್ರು, ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋರು, "ನನಗ ಇಲ್ಲಿಂದನ ಎಲ್ಲಾ ಕಾಣ್ತೈತ್ರಿ" ಅಂದು ಎರಡು ಹೆಜ್ಜಿ ಹಿಂದ ಹೋದ್ರು.

"ಲೇ ಗ್ಯಾನ್ಯಾ!" ಸಾವ್ಕಾರ್ರು ಹಲ್ಲು ಕಡಿದ್ರು. "ಹೆಂಡತೀನ್ನ ಎಳಕೊಂಡು ಹೋಗು. ಕುರ್ಚಿ ಬೇಕೋ ಬ್ಯಾಡೋ?"

ಗ್ಯಾನಪ್ಪ ಅಂಗಳದಾಗಿನ ಕುರ್ಚಿ ನೋಡಿದ. ಹೆಂಡತಿ ಮಾರಿ ನೋಡಿದ. ಆಕಿ ಇವನ ಕಡೆ ನೋಡಲೇ ಇಲ್ಲ. ಇವ ಏನೂ ಮಾಡಂಗಿಲ್ಲ ಅಂತ ಆಕಿಗೆ ಖಾತ್ರಿ ಆಗಿತ್ತು. ಅದು ಅವನ ಎದಿಗೆ ಒದ್ದಂಗಾತು.

ದಡದಡ ಹೋದ. ಅಲಮಾರಿ ಬಾಗಲ ಜಗ್ಗಿದ. ಕೀಲಿ ಹಾಕಿತ್ತು. ಮೊಣಕೈಲಿ ಗುದ್ದಿದ. ಗಾಜು ಒಡೀತು, ರಕ್ತ ಬಂತು. ಒಂದು ಜೋಡು ಬೂಟು ತೆಗೆದು ಹೂವು ಒಗೆದ.

"ಲೇ, ಪೂಜಿ ಮಾಡಿದ್ದು ಅದು! ಇಟ್ಟುಬಿಡು!"

"ಪೂಜಿ ಸಾಕ್ರೀ ಸಾವ್ಕಾರ್ರ. ಇನ್ನ ಕೆಲಸ ಮಾಡ್ಲಿ."

ಕುಂಕುಮದ ಸಮೇತ ಕಾಲಿಗೇರಿಸಿದ. ಹೊಸ್ತಿಲ ಮೆಟ್ಟಿ ಒಳಗ ಹೋದ. ಸಲಿಕಿ ಹಾಕಿ ಆ ಕರೀ ಹಕ್ಕಳಿ ಎಬ್ಬಿಸಿದ. ಕೆಳಗ ಕೆಂಡ ಕೆಂಪಗ ಕಣ್ಣು ಬಿಡ್ತು. ಝಳ ಬಂದು ಸಾಹೇಬ್ರ ಮಾರಿಗೆ ಬಡೀತು. ಬಾಯ್ಲರ್ ಲಕ್ಷ್ಮಿಗೂ ಏನೂ ಆಗಲಿಲ್ಲ, ಮೊದಲಿನಂಗ ಬುಸುಗುಡಾಕತ್ತಿತ್ತು.

ಹೆಣ್ಣಾಳೆಲ್ಲಾ ಅಲಮಾರಿಗೆ ಮುಗಿಬಿದ್ರು. ಹುಟ್ಟಿದಾಗಿಂದ ಬೂಟು ಹಾಕಿದವರಲ್ಲ. ಎಡದ್ದು ಬಲಕ್ಕ, ಬಲದ್ದು ಎಡಕ್ಕ. ಆದಮ್ಮನ ಮುದ್ದಿ ಕಾಲು ಬೂಟಿನೊಳಗ ಗೊಳಗೊಳ ಅಂತು. "ಅಯ್ಯ, ಇದರಾಗ ನನ್ನಂಥಾವರು ಇಬ್ರು ಇರಬಹುದು ನೋಡ್ರಬೇ" ಅಂತ ನಗಾಕ ಹೋಗಿ ಅತ್ತುಬಿಟ್ಲು. ದಾವಲ್‌ಸಾಬ್ ಮಾಸ್ತರು ಚಪ್ಪಾಳಿ ಹೊಡೆದ್ರು. ಇದು ಕಾರ್ಯಕ್ರಮದ ಭಾಗ ಇರಬೇಕು ಅಂತ ಸಾಹೇಬ್ರಿಗೆ ಅನಸ್ತೋ, ಅಥವಾ ಹಂಗ ಅಂದ್ಕೊಂಡ್ರ ಚಲೋ ಅನಸ್ತೋ, ಅವರೂ ಹೊಡೆದ್ರು.

"ಎಲ್ಲಾ ಆಳಿಗೂ ಬೂಟು! ಶಾಭಾಷ್ ಪಂಪಣ್ಣಾರ. ಎರಡ್ನೇ ಬಾಯ್ಲರ್ ನಡೀಲಿ."

ಸಾವ್ಕಾರ್ರು ನಗಲೇಬೇಕಾತು. ಹಾರ ಹಾಕಿಸ್ಕೊಂಡ್ರು. ಜೀಪು ಮಸ್ಕಿ ರೋಡಿಗೆ ತಿರುಗೋತನ ನಕ್ಕರು.

ಆಮ್ಯಾಲ ಗ್ಯಾನಪ್ಪಗ ಹೊರಗ ನಡಿ ಅಂದ್ರು. ಪೂಜಾರಿಗೆ ಗೋಮೂತ್ರ ತಾ ಅಂದ್ರು. ಹೆಣ್ಣಾಳಿಗೆ ಬೂಟು ಬಿಚ್ಚಿಟ್ಟು ಕೆಲಸಕ್ಕ ಹತ್ರಿ ಅಂದ್ರು.

"ಚಂದಂಗ ಶುದ್ಧ ಮಾಡ್ರಿ, ಯಪ್ಪಾ," ಅಂದ್ಲು ಆದಮ್ಮ. "ನಮ್ಮಂಥಾವರು ಮತ್ತ ಒಳಗ ಬಂದು ಯಾಕ ಕೆಡಸ್ಬೇಕು?"

ಎಲ್ಲಾರೂ ಬೂಟು ಹಾಕ್ಕೊಂಡ ಹೊರಗ ನಡೆದ್ರು. ಊರ ನಡುವಿನ ರೋಡಿನ ಮ್ಯಾಲ ಕರೀ ಬೂಟಿನ ಹೆಣ್ಣುಮಕ್ಕಳು ಧಪಧಪ ಹೊಂಟಿದ್ದನ್ನ ಚಾದಂಗಡಿ ಜನ ಎದ್ದು ನಿಂತು ನೋಡಿದ್ರು.

ಬಾಯ್ಲರ್ ಶುದ್ಧ ಆತು. ಶುದ್ಧ ಬಾಯ್ಲರ್‌ನಾಗ ಬೂದಿ ತುಂಬಾಕತ್ತು. ಹಮಾಲರನ್ನ ಕೇಳಿದ್ರ, "ಬೂದಿ ನಮ್ಮ ಕೆಲಸಲ್ರೀ" ಅಂದ್ರು. ಮೇಸ್ತ್ರಿಗೆ ಜ್ವರ ಬಂದ್ವು. ಸಾವ್ಕಾರ್ರ ಮಗ ಮೋಟರ್ ಸೈಕಲ್ ಹತ್ತಿ ಎಲ್ಲೋ ಹೋದ. ಬೂದಿ ಏರಿ ಬೆಂಕಿಗೆ ಗಾಳಿ ಇಲ್ಲದಂಗಾತು, ಉಗಿ ಇಳೀತು, ಬಾಯ್ಲರ್ ಆರಿತು. ತೊಟ್ಟಿಯೊಳಗ ನೆನಸಿದ್ದ ನೆಲ್ಲು ಹುಳಿ ನಾತ ಬಿಡ್ತು. ಈ ಸಲ ಗಾಳಿ ಸಾವ್ಕಾರ್ರ ಮನಿ ಕಡೆ ತಿರುಗಿತ್ತು.

ಇಸ್ಮಾಯಿಲ್‌ಸಾಬ್ ಸೈಕಲ್ ತಗೊಂಡು ಕೇರಿಗೆ ಬಂದ. ಯಮನೂರಮ್ಮ ಕಾಲು ಚಾಚಿ ಕಟ್ಟಿ ಮ್ಯಾಲ ಕುಂತಿದ್ಲು, ಗ್ಯಾನಪ್ಪ ಬಟ್ಟಿ ಬದಲಿಸಾಕತ್ತಿದ್ದ. ಸುತ್ತ ಹೆಣ್ಣಾಳು ಸೇರಿದ್ರು.

"ಸಾವ್ಕಾರ್ರು ಬರ್ರಿ ಅಂದಾರವ್ವಾ. ಬೂಟು ಹಾಕ್ಕೊಂಡ ಬರ್ರಿ ಅಂದಾರ. ಲಕ್ಷ್ಮಿ ಫೋಟೋ ಆಫೀಸಿಗೆ ತಂದು ಇಟ್ಟಾರ. ಬಾಯ್ಲರ್ ಮನ್ಯಾಗ ಇನ್ನ ಮ್ಯಾಲ ಏನೂ ಅಡ್ಡಿ ಇಲ್ಲಂತ."

"ಮತ್ತ ಇವ?" ಯಮನೂರಮ್ಮ ಗಂಡನ್ನ ತೋರಿಸಿದ್ಲು.

ಮುನ್ಶಿ ಸೈಕಲ್ಲಿನ ಗಂಟಿ ಸುಮ್ನ ಒಮ್ಮಿ ಹೊಡೆದ. "ಅವನ್ನ ಬ್ಯಾಡ ಅಂದಾರ. ಕಲಿತವ ಭಾಳ ಮಾತಾಡ್ತಾನಂತ."

ಗ್ಯಾನಪ್ಪ ತಲಿ ಎತ್ತಲಿಲ್ಲ. "ನೀವು ಹೋಗ್ರಿ. ನನ್ನ ಸಲುವಾಗಿ ಹೊಟ್ಟಿ ಸುಟ್ಕೋಬ್ಯಾಡ್ರಿ," ಅಂದ. ಹೆಣ್ಣಾಳು ಯಮನೂರಮ್ಮನ ಮಾರಿ ನೋಡಿದ್ರು.

ಆಕಿ ಗಾಯದ ಮ್ಯಾಲಿಂದ ಗಂಡನ ಕೈ ಸರಿಸಿ, ಮುನ್ಶಿ ಕಡೆ ತಿರುಗಿ ಕುಂತಳು.

"ಇಸ್ಮಾಯಿಲಣ್ಣಾ, ಹೋಗಿ ಹೇಳು. ಇವ ಬ್ಯಾಡಂದ್ರ ನಾವೂ ಬರಂಗಿಲ್ಲ. ಬೂದಿ ಎಳಿಯಾಕ ಆ ಲಕ್ಷ್ಮೀನ್ನ ಕರಕೋ ಅನ್ನು. ಆಕಿ ಹೆಂಗೂ ಬರಿಗಾಲಾಗ ಇರ್ತಾಳ."